ಹಳೇ ಎಂಜಿಬಿ ಕಾರಿನ ಹೊಗೆ ನಿಯಂತ್ರಣ ಸಾಮಾನು: ಅಸಲಿ ಯಾವುದು ಎಂದು ಪತ್ತೆ ಹಚ್ಚುವ ಬಗೆ

ಹಳೇ ಸ್ಪೋರ್ಟ್ಸ್ ಕಾರೊಂದು ಕೈಗೆ ಬಂದರೆ ಮೊದಲು ಬಣ್ಣ, ಸೀಟು, ಕ್ರೋಮ್ ಬಂಪರಿನ ಕಡೆ ಕಣ್ಣು ಹೋಗುತ್ತದೆ. ಬಾನೆಟ್ ಎತ್ತಿದಾಗ ಕಾಣುವ ಪಂಪು, ಪೈಪು, ವಾಲ್ವು, ಕಪ್ಪು ಡಬ್ಬಿಗಳ ಮೇಲೆ ಯಾರಿಗೂ ಮಮತೆ ಇರುವುದಿಲ್ಲ. ಹೊಗೆ ಕಡಿಮೆ ಮಾಡಲೆಂದು ಕಂಪನಿಯೇ ಜೋಡಿಸಿದ ಈ ಸಾಮಾನು ಗ್ಯಾರೇಜಿಗೆ ಹೋದ ಮೊದಲ ದಿನವೇ ಬಿಚ್ಚಿಸಿಕೊಂಡು ಮೂಲೆ ಸೇರುತ್ತದೆ. ಆದರೆ ಗಾಡಿ ಯಾವಾಗ ತಯಾರಾಯಿತು, ಯಾವ ದೇಶಕ್ಕೆಂದು ತಯಾರಾಯಿತು ಎನ್ನುವುದನ್ನು ಇಷ್ಟು ಖಚಿತವಾಗಿ ಹೇಳುವ ಭಾಗ ಇನ್ನೊಂದಿಲ್ಲ. ಬಾಗಿಲು, ಡಿಕ್ಕಿ ವರ್ಷಾನುಗಟ್ಟಲೆ ಹಾಗೇ ಇದ್ದವು. ಹೊಗೆ ಸಾಮಾನು ಮಾತ್ರ ಹೆಚ್ಚುಕಮ್ಮಿ ಪ್ರತಿ ವರ್ಷ ಬದಲಾಯಿತು.

ಇಲ್ಲಿ ಎಂಜಿಬಿ ಕಾರನ್ನೇ ಹಿಡಿದು ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಗಾಡಿ ಇದು. ಅದರಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ನಮ್ಮ ದೇಶದಲ್ಲಿ ಸಿಗುವ ಕೆಲವು ಎಂಜಿಬಿಗಳು ಎಡಗಡೆ ಸ್ಟೀರಿಂಗಿನವು. ಕೇಂದ್ರ ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾದ ರಾಯಭಾರ ಕಚೇರಿಗಳ ಗಾಡಿಗಳು, ಹೊರದೇಶದಲ್ಲಿ ಕೆಲಸ ಮಾಡಿ ವಾಪಸು ಬಂದವರು ಜೊತೆಗೆ ತಂದ ಗಾಡಿಗಳು ಹೀಗೆ ಕೈ ಬದಲಾಯಿಸುತ್ತಾ ಒಳನಾಡಿನ ಊರುಗಳಿಗೂ ಬಂದಿವೆ. ದಾವಣಗೆರೆಯ ವಿದ್ಯಾನಗರದ ಮನೆಯೊಂದರ ಶೆಡ್ಡಿನಲ್ಲಿರುವ ಅಂಥ ಒಂದು ಗಾಡಿಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಕೆಳಗಿನ ಉದಾಹರಣೆಗಳು ಹೆಚ್ಚಾಗಿ ಅದರವೇ.

ಒಂದು ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ. ಗಾಡಿ ತಯಾರಾದ ತಿಂಗಳು ಮತ್ತು ಅದು ಹೋಗಬೇಕಿದ್ದ ದೇಶ, ಇವೆರಡೂ ಗೊತ್ತಾಗುವ ತನಕ ಯಾವ ಪಾರ್ಟನ್ನೂ ಅಸಲಿ ಎನ್ನಬೇಡಿ, ನಕಲಿ ಎಂದೂ ಎನ್ನಬೇಡಿ. ಒಂದು ನಟ್ಟನ್ನೂ ಬಿಚ್ಚಬೇಡಿ.

ಮೊದಲ ಕೆಲಸ: ಫೋಟೊ ಮತ್ತು ನೋಟ್‌ಬುಕ್

ಧೂಳು ಕೊಡವುವ ಮೊದಲೇ ಬಾನೆಟ್ ಒಳಗಿನ ಫೋಟೊ ತೆಗೆಯಿರಿ. ನಾಲ್ಕೂ ದಿಕ್ಕಿನಿಂದ, ಕೆಳಗಿನಿಂದ, ಡಿಕ್ಕಿಯ ಒಳಗೆ, ಪೆಟ್ರೋಲ್ ಟ್ಯಾಂಕಿನ ಸುತ್ತ. ಒರೆಸಿದ ಮೇಲೆ ಮತ್ತೊಮ್ಮೆ ತೆಗೆಯಿರಿ. ಎರಡೂ ಬೇಕು, ಯಾಕೆಂದರೆ ಪೈಪು ಎಲ್ಲಿ ತಾಗುತ್ತಿತ್ತು, ಕ್ಲಿಪ್ಪು ಎಲ್ಲಿತ್ತು ಎನ್ನುವುದನ್ನು ಎಷ್ಟೋ ಸಲ ಧೂಳಿನ ಗೆರೆಯೇ ತೋರಿಸುತ್ತದೆ.

ನೋಟ್‌ಬುಕ್ಕಿನಲ್ಲಿ ಪ್ರತಿ ಪಾರ್ಟಿಗೂ ಒಂದು ಪುಟ ಬಿಡಿ. ಕಂಡದ್ದೇನು, ಅದರ ಮೇಲಿನ ನಂಬರೇನು, ತಾರೀಖಿನ ಗುರುತು ಇದೆಯೇ, ಅಸಲಿ ಎನ್ನಲು ಆಧಾರವೇನು. ಆಧಾರದ ಜಾಗವನ್ನು ಪೆನ್ಸಿಲ್ಲಿನಲ್ಲೇ ತುಂಬಿ. ಅದನ್ನು ತಿದ್ದುವ ಸಂದರ್ಭ ಬಂದೇ ಬರುತ್ತದೆ.

ಎರಡನೆಯದು: ಗಾಡಿಯ ಜಾತಕ

ಆರ್‌ಸಿ ಪುಸ್ತಕದಲ್ಲಿರುವ ವರ್ಷವನ್ನು ಪಕ್ಕಕ್ಕಿಡಿ. ಹೊರದೇಶದಿಂದ ಬಂದ ಗಾಡಿಗೆ ಇಲ್ಲಿ ರಿಜಿಸ್ಟರ್ ಆದ ವರ್ಷ ಬೇರೆ, ಕಾರ್ಖಾನೆಯಿಂದ ಹೊರಬಿದ್ದ ವರ್ಷ ಬೇರೆ. ಅದರ ಮೇಲೆ ಮಾಡೆಲ್ ವರ್ಷ ಎನ್ನುವುದೊಂದಿದೆ. ಹೊಸ ಮಾಡೆಲಿನ ತಯಾರಿ ಹಿಂದಿನ ವರ್ಷದ ಆಗಸ್ಟ್ ಸುಮಾರಿಗೇ ಶುರುವಾಗುತ್ತಿತ್ತು. ಹಾಗಾಗಿ 1970ರ ನವೆಂಬರಿನಲ್ಲಿ ತಯಾರಾದ ಗಾಡಿ 1971ರ ಮಾಡೆಲ್ ಆಗಿರುತ್ತದೆ. ಹೊಗೆ ಸಾಮಾನು ಹೊಂದುವುದು ಮಾಡೆಲ್ ವರ್ಷಕ್ಕೆ.

ಇದನ್ನು ಚಾಸಿಸ್ ನಂಬರಿನಲ್ಲೇ ಓದಬಹುದು. ವಿದ್ಯಾನಗರದ ಗಾಡಿಯ ನಂಬರು ಜಿಎಚ್‌ಎನ್5ಯುಬಿ ಎಂದು ಶುರುವಾಗುತ್ತದೆ. ಜಿ ಅಂದರೆ ಎಂಜಿ ಎಂಬ ಬ್ರ್ಯಾಂಡು, ಎಚ್ ಎಂಜಿನ್ನಿನ ಗಾತ್ರದ ವರ್ಗ, ಎನ್ ಅಂದರೆ ಮೇಲುಹೊದಿಕೆ ಮಡಚುವ ಎರಡು ಸೀಟಿನ ಗಾಡಿ (ತಗಡಿನ ಚಾವಣಿಯ ಜಿಟಿ ಆಗಿದ್ದರೆ ಅಲ್ಲಿ ಡಿ ಇರುತ್ತಿತ್ತು), 5 ಅಂದರೆ ಸರಣಿ, ಯು ಅಂದರೆ ಅಮೆರಿಕಕ್ಕೆ ತಯಾರಾದದ್ದು. ಕೊನೆಯ ಬಿ ಮಾಡೆಲ್ ವರ್ಷ. ಅಮೆರಿಕದ ಗಾಡಿಗಳಲ್ಲಿ ಎ 1970, ಬಿ 1971, ಸಿ 1972 ಹೀಗೆ ಹೋಗಿ ಎಲ್ 1980ಕ್ಕೆ ಮುಗಿಯುತ್ತದೆ. ನಡುವೆ ಐ ಅಕ್ಷರವನ್ನು ಬಿಟ್ಟಿದ್ದಾರೆ. ಎಡಗಡೆ ಸ್ಟೀರಿಂಗ್ ಇದ್ದು ಯು ಬದಲು ಎಲ್ ಇದ್ದರೆ ಅದು ಯುರೋಪಿಗೋ ಬೇರೆಡೆಗೋ ಹೋದ ಗಾಡಿ. ಅದರಲ್ಲಿ ಅಮೆರಿಕದ ಪಂಪನ್ನು ಹುಡುಕುವುದರಲ್ಲಿ ಅರ್ಥವಿಲ್ಲ.

ಎಂಜಿನ್ ನಂಬರು ಬ್ಲಾಕಿನ ಬಲಬದಿಗೆ ರಿವೆಟ್ ಹೊಡೆದ ಚಿಕ್ಕ ತಗಡಿನ ಮೇಲಿರುತ್ತದೆ. ನಿಮಗೆ ಬೇಕಾದದ್ದು ಮುಂದಿನ ಅಕ್ಷರಗಳು. 1964ರ ಫೆಬ್ರವರಿಯಲ್ಲಿ ಬಂದ 18ಜಿಎ ಎಂಜಿನ್ನಿನಿಂದ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ) ಹೊಗೆಯನ್ನು ಹೊರಗೆ ಬಿಡದೆ ಮತ್ತೆ ಎಂಜಿನ್ನಿಗೇ ಎಳೆದುಕೊಳ್ಳುವ ಏರ್ಪಾಡು ಶುರುವಾಯಿತು. ಅಮೆರಿಕಕ್ಕೆ 1968ರ ಮಾಡೆಲಿನಲ್ಲಿ 18ಜಿಎಫ್, ಆಮೇಲೆ 18ಜಿಎಚ್, 1970ರಲ್ಲಿ ಪೆಟ್ರೋಲ್ ಆವಿ ತಡೆಯುವ ಸಾಮಾನು ಇದ್ದ 18ಜಿಜೆ, 1971ಕ್ಕೆ 18ಜಿಕೆ, 1972ರಿಂದ 18ವಿ ಎಂದು ಶುರುವಾಗುವ ನಂಬರುಗಳು ಬಂದವು. ನಂಬರಿನ ನಡುವೆ ಬರುವ ಎಚ್ ಅಥವಾ ಎಲ್ ಹೆಚ್ಚು ಕಂಪ್ರೆಷನ್, ಕಡಿಮೆ ಕಂಪ್ರೆಷನ್ ಎನ್ನುವುದಕ್ಕೆ. ಚಾಸಿಸ್ ಹೇಳುವುದು ಒಂದು, ಎಂಜಿನ್ ತಗಡು ಹೇಳುವುದು ಇನ್ನೊಂದು ಆಗಿದ್ದರೆ ಎಂಜಿನ್ ಬದಲಾಗಿದೆ ಎಂದರ್ಥ. ಕಂಪನಿಯೇ ರಿಪೇರಿ ಮಾಡಿ ಮಾರುತ್ತಿದ್ದ ಗೋಲ್ಡ್ ಸೀಲ್ ಎಂಜಿನ್ನುಗಳೂ ಇದ್ದವು. ಅವುಗಳ ತಗಡಿನ ನಂಬರು ಬೇರೆ ಥರ ಇರುತ್ತದೆ. ಅದನ್ನು ಕಂಡು ಗಾಬರಿ ಬೇಡ, ಬರೆದಿಟ್ಟುಕೊಳ್ಳಿ.

ಮೂರನೆಯದು: ಏನೇನು ಇರಬೇಕಿತ್ತು

ಅಮೆರಿಕದ ಕಾನೂನು ಮೆಟ್ಟಿಲು ಮೆಟ್ಟಿಲಾಗಿ ಬಿಗಿಯಾಯಿತು, ಗಾಡಿಯೂ ಹಾಗೇ ಬದಲಾಯಿತು. ಸೈಲೆನ್ಸರ್ ಹೊಗೆಗೆ ಇಡೀ ದೇಶದ ಮಿತಿ ಬಂದದ್ದು 1968ರ ಮಾಡೆಲಿನಿಂದ. ಆಗ ಎಂಜಿಬಿಗೆ ಗಾಳಿ ಪಂಪು ಬಂತು. ಎಂಜಿನ್ನಿನ ಮುಂದೆ ಬೆಲ್ಟಿನಿಂದ ತಿರುಗುವ ಈ ಪಂಪು ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಒಳಗೆ, ಎಕ್ಸಾಸ್ಟ್ ವಾಲ್ವಿನ ಹತ್ತಿರ ತಾಜಾ ಗಾಳಿ ಊದುತ್ತದೆ. ಪೂರ್ತಿ ಉರಿಯದೆ ಹೊರಬರುವ ಪೆಟ್ರೋಲ್ ಅಲ್ಲೇ ಉರಿದುಹೋಗಲಿ ಎಂಬುದು ಉದ್ದೇಶ. ಪಂಪಿನ ಜೊತೆಗೆ ಎರಡು ವಾಲ್ವುಗಳಿರುತ್ತವೆ. ಬಿಸಿ ಹೊಗೆ ಪಂಪಿನ ಕಡೆಗೆ ವಾಪಸು ಬಾರದಂತೆ ಚೆಕ್ ವಾಲ್ವ್. ಆಕ್ಸಿಲರೇಟರಿನಿಂದ ಕಾಲು ಫಕ್ಕನೆ ತೆಗೆದಾಗ ಸೈಲೆನ್ಸರಿನಲ್ಲಿ ಢಮ್ಮನೆ ಹೊಡೆಯದಂತೆ ಇನ್‌ಲೆಟ್ ಮ್ಯಾನಿಫೋಲ್ಡಿಗೆ (ಕಾರ್ಬೊರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಗೆ) ಒಂದು ಗುಟುಕು ಗಾಳಿ ಬಿಡುವ ಗಲ್ಪ್ ವಾಲ್ವ್.

ಪೆಟ್ರೋಲ್ ಆವಿಯ ಕಾನೂನು 1970ರ ಮಾಡೆಲಿಗೆ ಕ್ಯಾಲಿಫೋರ್ನಿಯಾದಲ್ಲಿ, 1971ಕ್ಕೆ ಅಮೆರಿಕದ ಎಲ್ಲ ಕಡೆ ಬಂತು. ಆವಿಯನ್ನು ಹೀರಿಕೊಳ್ಳುವ ಇದ್ದಿಲು ತುಂಬಿದ ಡಬ್ಬಿ, ಡಿಕ್ಕಿಯಲ್ಲಿ ಆವಿ ಬೇರ್ಪಡಿಸುವ ಪುಟ್ಟ ಟ್ಯಾಂಕು, ಗಾಳಿಯಾಡದ ಪೆಟ್ರೋಲ್ ಮುಚ್ಚಳ, ಗಾಳಿಯಾಡದ ಆಯಿಲ್ ಮುಚ್ಚಳ, ಎಂಜಿನ್ನಿನ ಮೇಲಿನ ರಾಕರ್ ಕವರಿನಿಂದ ಡಬ್ಬಿಗೆ ಹೋಗುವ ಸಣ್ಣ ಕೊಳವೆ. ಇವೆಲ್ಲ ಒಂದೇ ಸೆಟ್ಟು. ಆಯಿಲ್ ಮುಚ್ಚಳ ಒಂದನ್ನು ಹಳೇ ಮಾಡೆಲಿನದ್ದು ಹಾಕಿದರೂ ಡಬ್ಬಿಯ ಮೂಲಕ ಬರಬೇಕಾದ ಗಾಳಿ ಮುಚ್ಚಳದಲ್ಲೇ ನುಗ್ಗುತ್ತದೆ. ಹಾಗಾಗಿ ಇದ್ದಿಲ ಡಬ್ಬಿ ಇದ್ದ ಕಾರೋ ಅಲ್ಲವೋ ಎನ್ನುವುದು ಮೊದಲು ತೀರ್ಮಾನವಾಗಬೇಕು. ಉಳಿದ ಅರ್ಧ ಪ್ರಶ್ನೆಗಳು ಆ ಒಂದು ಉತ್ತರದಿಂದಲೇ ಬಗೆಹರಿಯುತ್ತವೆ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಕಥೆ ಇನ್ನೂ ವಿವರವಾದದ್ದು. 1971ರ ಮಾಡೆಲ್ ತನಕ ಅಮೆರಿಕದ ಎಂಜಿಬಿಗೆ ಎಸ್‌ಯು ಕಂಪನಿಯ ಎಚ್‌ಎಸ್4 ಕಾರ್ಬೊರೇಟರ್ ಎರಡು. ಇವುಗಳ ಪೆಟ್ರೋಲ್ ಬಟ್ಟಲು ಪಕ್ಕದಲ್ಲಿ ಬೇರೆಯಾಗಿ ಕಾಣುತ್ತದೆ. 1972ರಿಂದ ಎಚ್‌ಐಎಫ್4, ಬಟ್ಟಲು ಕಾರ್ಬೊರೇಟರಿನ ಹೊಟ್ಟೆಯೊಳಗೇ. 1975ರ ಮಾಡೆಲಿನಿಂದ ಒಂದೇ ಒಂದು ಝೆನಿತ್ ಸ್ಟ್ರಾಂಬರ್ಗ್. ಅದೇ ಹೊತ್ತಿಗೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಕ್ಯಾಲಿಫೋರ್ನಿಯಾದ ಗಾಡಿಗಳಿಂದ ಶುರುವಾಯಿತು. ಇಷ್ಟನ್ನು ದೂರದಿಂದಲೇ ಗುರುತಿಸಬಹುದು. ಒಳಗಿನ ವ್ಯತ್ಯಾಸಕ್ಕೆ ನಂಬರು ಓದಲೇಬೇಕು. ಬಟ್ಟಲಿನ ಮುಚ್ಚಳದ ಸ್ಕ್ರೂ ಕೆಳಗೆ ಅಲ್ಯೂಮಿನಿಯಮ್ಮಿನ ಪುಟ್ಟ ಬಿಲ್ಲೆ ಇರುತ್ತದೆ. ಅದರ ಮೇಲೆ ಎಯುಡಿ ಎಂದು ಶುರುವಾಗುವ ನಂಬರು. 1968ಕ್ಕೆ 265, 1969ಕ್ಕೆ 326, 1970ಕ್ಕೆ 405, 1971ಕ್ಕೆ 465, 1972ಕ್ಕೆ 493. ಪೆಟ್ರೋಲಿನ ಪ್ರಮಾಣ ನಿಯಂತ್ರಿಸುವ ಒಳಗಿನ ಸೂಜಿಯ ಬುಡದಲ್ಲೂ ಅಕ್ಷರ ಕೆತ್ತಿರುತ್ತದೆ: 1969, 70ಕ್ಕೆ ಎಎಇ, 1971ಕ್ಕೆ ಎಎಎಲ್. ಹೊಗೆ ಕಾನೂನಿನ ಈ ಸೂಜಿಗಳು ಸ್ಪ್ರಿಂಗಿನ ಒತ್ತಡದಲ್ಲಿ ಒಂದು ಬದಿಗೆ ವಾಲಿ ಕೂರುತ್ತವೆ. ಹಳೆಯವು ನೆಟ್ಟಗೆ ಬಿಗಿಯಾಗಿ ಕೂರುವಂಥವು. ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಗಡನ್ನೂ ನೋಡಿ. ಅಮೆರಿಕದ ಗಾಡಿಗಳ ತಗಡಿನ ನಡುವೆ ಸ್ಪ್ರಿಂಗ್ ಇರುವ ಚಿಕ್ಕ ವಾಲ್ವ್ ಇರುತ್ತದೆ.

ಬಿಲ್ಲೆಯನ್ನು ಒಂದು ಸ್ಕ್ರೂ ಬಿಚ್ಚಿ ಯಾರು ಬೇಕಾದರೂ ಬದಲಾಯಿಸಬಹುದು, ಸೂಜಿ ಸವೆದು ಹೊಸದು ಹಾಕಿರಬಹುದು. ಹಾಗಾಗಿ ಬಿಲ್ಲೆ, ಸೂಜಿ, ಥ್ರಾಟಲ್ ತಗಡು ಮೂರೂ ಒಂದೇ ವರ್ಷದ ಕಡೆ ಬೆರಳು ತೋರಿಸಿದರೆ ನಂಬಿ. ಎರಡು ಕಾರ್ಬೊರೇಟರಿನಲ್ಲಿ ಒಂದರ ಬಿಲ್ಲೆ ಮಾತ್ರ ಉಳಿದಿದ್ದರೆ ಇನ್ನೊಂದನ್ನು ಅದರ ಜೊತೆಯದೇ ಎಂದು ಊಹಿಸಿಕೊಳ್ಳಬೇಡಿ.

ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗ), ಆಲ್ಟರ್ನೇಟರ್, ವೈಪರ್ ಮೋಟಾರು ಲೂಕಾಸ್ ಕಂಪನಿಯವು. ಅವುಗಳ ಮೈಮೇಲೆ ಪಾರ್ಟ್ ನಂಬರಿನ ಜೊತೆ ವಾರ ಮತ್ತು ವರ್ಷವನ್ನು ಒತ್ತಿರುತ್ತಾರೆ. ಆ ತಾರೀಖು ಗಾಡಿ ತಯಾರಾದ ದಿನಕ್ಕಿಂತ ಕೆಲವು ವಾರ ಅಥವಾ ಕೆಲವು ತಿಂಗಳು ಹಿಂದಿನದಾಗಿದ್ದರೆ ಸರಿಹೊಂದುತ್ತದೆ. ಗಾಡಿಗಿಂತ ಆಮೇಲಿನ ತಾರೀಖು ಇದ್ದರೆ ಅದು ಬದಲಿ ಪಾರ್ಟು, ಮಾತೇ ಇಲ್ಲ.

ನಾಲ್ಕನೆಯದು: ಬಿಚ್ಚಿ ಹೋದದ್ದರ ಗುರುತು

ನಮ್ಮ ಕಡೆಯ ಗಾಡಿಗಳಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಪಂಪು ಜಾಮ್ ಆದರೆ ಇಲ್ಲಿ ಬೇರೆ ಸಿಗುತ್ತಿರಲಿಲ್ಲ, ಬಿಚ್ಚಿ ತೂತು ಮುಚ್ಚಿ ಗಾಡಿ ಓಡಿಸುತ್ತಿದ್ದರು. ಆದರೆ ಕಬ್ಬಿಣದಲ್ಲಿ ಕೊರೆದ ತೂತು ಎಲ್ಲಿಗೂ ಹೋಗುವುದಿಲ್ಲ.

ವಿದ್ಯಾನಗರದ ಗಾಡಿಯನ್ನು ನೋಡಲು ಅಂಬಾಸಿಡರ್ ಕೆಲಸದಲ್ಲಿ ಕೈ ಪಳಗಿದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸಿದ್ದೆವು. ಅವರು ಎಂಜಿನ್ನಿನ ಮುಂದುಗಡೆ ಬಗ್ಗಿ ನೋಡಿ, "ಇಲ್ಲಿ ಎಸಿ ಕೂಡ್ಸಿದ್ರು ಅನ್ಸತ್ತೆ ಸರ್, ಬ್ರಾಕೆಟ್ ಕೂತಿದ್ದ ಗುರ್ತು ಐತಿ" ಅಂದರು.

"ಎಸಿ ಅಲ್ರೀ ಮೇಸ್ತ್ರಿ, ಗಾಳಿ ಪಂಪು. ಕಂಪನಿಯಿಂದಲೇ ಬಂದಿದ್ದು."

"ಹಂಗಾದ್ರೆ ಗಾಳಿ ಹೋಗಾಕೆ ಹೆಡ್ಡಿನಾಗ ತೂತು ಇರಬೇಕಲ್ರೀ?"

ಕೇಳಬೇಕಾದ ಪ್ರಶ್ನೆ ಅದೇ. ಸೀಮೆಎಣ್ಣೆಯಲ್ಲಿ ಅದ್ದಿದ ಕಾಟನ್ ವೇಸ್ಟಿನಿಂದ ಹೆಡ್ಡಿನ ಬದಿಯನ್ನು ಉಜ್ಜುತ್ತಾ ಹೋದರು. ಗ್ರೀಸು, ಮಣ್ಣು, ಯಾವುದೋ ಕಾಲದ ಬೆಳ್ಳಿ ಬಣ್ಣ ಕಿತ್ತು ಬಂದಮೇಲೆ ಒಂದೇ ಸಾಲಿನಲ್ಲಿ ನಾಲ್ಕು ಮುಚ್ಚಳಗಳು ಕಂಡವು. ಮೂರು ಹಿತ್ತಾಳೆಯವು, ಒಂದೇ ಕೈ ಲೇತಿನಲ್ಲಿ ಕಡೆದಂತೆ ಒಂದೇ ಅಳತೆ. ನಾಲ್ಕನೆಯದು ತಲೆ ಕತ್ತರಿಸಿದ ಬೋಲ್ಟು, ಸುತ್ತ ಎಂ-ಸೀಲ್ ಮೆತ್ತಿತ್ತು. ಸಿಲಿಂಡರಿಗೊಂದು ತೂತು. ಗಾಳಿ ಪಂಪು ಇದ್ದ ಹೆಡ್ಡು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಮುಂದೆ ಇನ್‌ಲೆಟ್ ಮ್ಯಾನಿಫೋಲ್ಡ್ ನೋಡಿದರೆ ಅಲ್ಲೂ ಗಲ್ಪ್ ವಾಲ್ವಿನ ಪೈಪು ಕೂರುವ ಜಾಗಕ್ಕೆ ರಬ್ಬರ್ ಟೋಪಿ ಹಾಕಿ ಕ್ಲಿಪ್ ಬಿಗಿದಿದ್ದರು.

ನೀವೂ ಇದೇ ಜಾಡಿನಲ್ಲಿ ಹೋಗಿ. ನೀರಿನ ಪಂಪಿನ ಪುಲ್ಲಿಯಲ್ಲಿ ಎರಡನೇ ಬೆಲ್ಟಿಗೆ ಜಾಗ ಇದೆಯೇ? ಪಕ್ಕದ ತಗಡಿನಲ್ಲಿ ಏನನ್ನೂ ಹಿಡಿದಿರದ ಸ್ಕ್ರೂ ತೂತುಗಳಿವೆಯೇ? ತೂತಿನ ಅಂಚು ಅಸಲಿ ಬಣ್ಣದ ಕೆಳಗಿದೆಯೋ, ಬಣ್ಣವನ್ನು ಸೀಳಿಕೊಂಡು ಹೋಗಿದೆಯೋ? ಬಣ್ಣ ತೂತಿನ ಒಳಗೂ ಇಳಿದಿದ್ದರೆ ಕಾರ್ಖಾನೆಯದು, ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದು ತುಕ್ಕು ಹಿಡಿದಿದ್ದರೆ ಆಮೇಲೆ ಕೊರೆದದ್ದು. ಡಿಕ್ಕಿಯ ಒಳಗೆ ಆವಿಯ ಟ್ಯಾಂಕು ಇಲ್ಲದಿದ್ದರೂ ಅದರ ಕೊಳವೆ ಹಾದುಹೋದ ರಬ್ಬರ್ ಬಿರಡೆಯ ತೂತು ಉಳಿದಿರುತ್ತದೆ. ಬೋಲ್ಟುಗಳೂ ಸಾಕ್ಷಿ ಹೇಳುತ್ತವೆ. ಈ ಗಾಡಿಯ ನಟ್ಟು ಬೋಲ್ಟು ಇಂಚಿನ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ ಸರಿಯಾಗಿ ಕೂರುವ ಬೋಲ್ಟು ಕಂಡರೆ ಅಲ್ಲಿ ಯಾರೋ ಕೈ ಆಡಿಸಿದ್ದಾರೆ ಎಂದು ಬರೆದುಕೊಳ್ಳಿ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಒಂದೇ ಮನೆತನದವು, ಬಿ ಸೀರೀಸ್. ನಮ್ಮ ಮೇಸ್ತ್ರಿಗಳು ಎಂಜಿಬಿಯನ್ನು ಸಲೀಸಾಗಿ ರಿಪೇರಿ ಮಾಡಿದ್ದೂ, ಅದರೊಳಗೆ ಅಂಬಾಸಿಡರ್ ಪಾರ್ಟುಗಳು ಸೇರಿಕೊಂಡದ್ದೂ ಈ ನೆಂಟಸ್ತನದಿಂದಲೇ. ವಿದ್ಯಾನಗರದ ಗಾಡಿಯ ಡಿಸ್ಟ್ರಿಬ್ಯೂಟರ್ ಅಂಥದ್ದು. ಲೂಕಾಸ್ ಹೆಸರೇನೋ ಇದೆ, ಆದರೆ ಅದು ಇಲ್ಲಿಯ ಲೂಕಾಸ್ ಟಿವಿಎಸ್ ತಯಾರಿಕೆ. ಗಾಡಿ ಓಡುತ್ತದೆ. ಆದರೆ ಹೊಗೆ ಕಾನೂನಿನ ಗಾಡಿಗೆ ಕಂಪನಿ ಬೇರೆಯದೇ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಹಾರಬೇಕೆನ್ನುವ ಲೆಕ್ಕ) ಇರುವ ಡಿಸ್ಟ್ರಿಬ್ಯೂಟರ್ ಕೊಟ್ಟಿತ್ತು. ಹೆಸರು ನೋಡಿ ಸುಮ್ಮನಾಗದೆ ನಂಬರಿನ ತನಕ ಹೋಗಲೇಬೇಕು.

ಐದನೆಯದು: ಕಾಗದ ಪತ್ರ

ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಶುಲ್ಕ ಕಟ್ಟಿ ಚಾಸಿಸ್ ನಂಬರು ಕಳಿಸಬೇಕು. ತಯಾರಾದ ದಿನ, ಅಸಲಿ ಎಂಜಿನ್ ನಂಬರು, ಬಣ್ಣ, ಹೋದ ದೇಶ ಅದರಲ್ಲಿ ಬರುತ್ತವೆ. ಪಂಪು, ವಾಲ್ವುಗಳ ಪಟ್ಟಿ ಬರುವುದಿಲ್ಲ. ಆದರೂ ಮಾಡಿಸಲೇಬೇಕು, ಎರಡನೇ ಹೆಜ್ಜೆಯಲ್ಲಿ ನೀವು ಓದಿದ್ದು ಸರಿಯೋ ತಪ್ಪೋ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಆಧಾರ ಇಲ್ಲ.

ಪಾರ್ಟುಗಳ ವಿಷಯಕ್ಕೆ ಕಂಪನಿಯ ಪಾರ್ಟ್ಸ್ ಕ್ಯಾಟಲಾಗ್ ಮತ್ತು ವರ್ಕ್‌ಶಾಪ್ ಮ್ಯಾನುಯಲ್ ನೋಡಬೇಕು. ಕ್ಯಾಟಲಾಗಿನಲ್ಲಿ ಒಂದೇ ಪಾರ್ಟಿಗೆ ಎರಡು ಮೂರು ನಂಬರುಗಳಿದ್ದು, ಈ ಎಂಜಿನ್ ನಂಬರಿನವರೆಗೆ ಇದು, ಅಲ್ಲಿಂದ ಮುಂದೆ ಅದು ಎಂದು ಬರೆದಿರುತ್ತದೆ. ವರ್ಷಕ್ಕಿಂತ ಈ ನಂಬರಿನ ಗಡಿಯೇ ಮುಖ್ಯ. ನಿಮ್ಮ ಗಾಡಿಯ ವರ್ಷಕ್ಕೆ ಹತ್ತಿರದ ಆವೃತ್ತಿಯನ್ನೇ ಹುಡುಕಿ.

ಸಾಕ್ಷಿಗಳಲ್ಲೂ ಮೇಲು ಕೀಳು ಇದೆ. ಯಾರೂ ಕೈ ಹಚ್ಚದ, ನಿಮ್ಮ ನಂಬರಿನ ಆಸುಪಾಸಿನ ಇನ್ನೊಂದು ಗಾಡಿ ಸಿಕ್ಕರೆ ಅದೇ ಎಲ್ಲಕ್ಕಿಂತ ಮೇಲು. ಆಮೇಲೆ ಕ್ಯಾಟಲಾಗು. ಜಾಹೀರಾತಿನ ಚಿತ್ರಗಳನ್ನು ಹುಷಾರಾಗಿ ನೋಡಬೇಕು, ಮಾರಾಟಕ್ಕೆ ಬರುವ ಮೊದಲಿನ ಗಾಡಿಯ ಫೋಟೊ ಹಾಕಿರುವ ಸಾಧ್ಯತೆ ಇರುತ್ತದೆ. ಹೊಸದಾಗಿ ರಿಪೇರಿಯಾಗಿ ಫಳಫಳ ಹೊಳೆಯುವ ಗಾಡಿಗಳ ಫೋಟೊವನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ. ಒಬ್ಬರು ತಪ್ಪಾಗಿ ಜೋಡಿಸಿದ್ದನ್ನು ನೋಡಿ ಇನ್ನೊಬ್ಬರು ಹಾಗೇ ಜೋಡಿಸುತ್ತಾರೆ.

ಮನೆಯಲ್ಲಿರುವ ಕಾಗದವನ್ನು ಮರೆಯಬೇಡಿ. ಕಸ್ಟಮ್ಸ್ ರಸೀದಿ, ಹಳೇ ಇನ್ಶೂರೆನ್ಸ್, ಮದುವೆ ಆಲ್ಬಮ್. ಹಿಂದಿನ ಮಾಲೀಕರ ಮನೆಗೆ ಹೋಗಿ ಅಮ್ಮನವರನ್ನೋ ಅಜ್ಜಿಯವರನ್ನೋ ಕೇಳಿದರೆ ಗಾಡಿ ಯಾವ ವರ್ಷ ಬಂತು, ಯಾವ ಮೇಸ್ತ್ರಿ ನೋಡಿಕೊಳ್ಳುತ್ತಿದ್ದರು ಎನ್ನುವುದು ಸರಾಗವಾಗಿ ಹೊರಬರುತ್ತದೆ. ಆ ಮೇಸ್ತ್ರಿಯ ಗ್ಯಾರೇಜಿನ ಅಟ್ಟದಲ್ಲಿ ಪಂಪು ಇನ್ನೂ ಇರಬಹುದು. ಗುಜರಿಗೆ ಹೋಗುವ ಮೊದಲು ವಿಚಾರಿಸಿ.

ಆರನೆಯದು: ಮತ್ತೆ ಜೋಡಿಸುವುದೋ, ಬಿಡುವುದೋ

ಭಾರತದ ಕಾನೂನು ಈ ಗಾಡಿಗೆ ಗಾಳಿ ಪಂಪು ಕೇಳುವುದಿಲ್ಲ. ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆಯಲ್ಲಿ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಸರಿಯಾಗಿ ಟ್ಯೂನ್ ಆದ ಎಸ್‌ಯು ಜೋಡಿ ಇದರೊಳಗೆ ಬರುತ್ತದೆ. ಪಂಪು ಓಡುತ್ತಿದ್ದರೆ ಅದರ ಗಾಳಿ ಹೊಗೆಯ ಜೊತೆ ಬೆರೆತು ಮೀಟರಿನ ಅಂಕಿ ಕಡಿಮೆ ತೋರಿಸುತ್ತದೆ. ಆದ್ದರಿಂದ ಕಾರ್ಬೊರೇಟರ್ ಹೊಂದಿಸುವಾಗ ಪಂಪಿನ ಗಾಳಿ ಸೇರಿದ ಅಂಕಿಯನ್ನು ನಂಬಿ ಕೂರಬೇಡಿ.

ವಿಂಟೇಜ್ ರಿಜಿಸ್ಟ್ರೇಷನ್ನಿನ ವಿಷಯ ಬೇರೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲೇ ಉಳಿದ ಖಾಸಗಿ ಗಾಡಿಗೆ ವಿಎ ಸರಣಿಯ ನಂಬರು ಸಿಗುತ್ತದೆ. ಹೊಸ ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ, ಅವಧಿ 10 ವರ್ಷ. ಆಮೇಲೆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ಮಾತ್ರ. ಈ ದಾರಿ ಹಿಡಿಯುವವರಿಗೆ ನೋಟ್‌ಬುಕ್ಕು, ಫೋಟೊ, ಸರ್ಟಿಫಿಕೇಟು ಒಟ್ಟಾಗಿ ಇದ್ದರೆ ಎಂಜಿನ್ ಮೂಲದ್ದೇ ಎಂದು ತೋರಿಸುವುದು ಸುಲಭ.

ಜೋಡಿಸುವುದಾದರೆ ಸೆಟ್ಟಾಗಿ ಜೋಡಿಸಿ. ಆವಿಯ ಸಾಮಾನು ಪೂರ್ತಿ, ಗಾಳಿಯ ಸಾಮಾನು ಪೂರ್ತಿ. ಅರ್ಧಂಬರ್ಧ ಜೋಡಿಸಿದ್ದು ಏನೂ ಇಲ್ಲದ್ದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಪಂಪು, ವಾಲ್ವುಗಳನ್ನು ಇಂಗ್ಲೆಂಡು ಅಥವಾ ಅಮೆರಿಕದಿಂದ ತರಿಸುವಾಗ ಫೋಟೊ ನೋಡಿ ಕೊಳ್ಳಬೇಡಿ, ಪಾರ್ಟ್ ನಂಬರು ಬರೆಸಿಕೊಂಡು ಕೊಳ್ಳಿ. ಬ್ರಾಕೆಟ್ಟು, ಪುಲ್ಲಿ, ಹೆಡ್ಡಿನ ಮುಚ್ಚಳಗಳಿಗೆ ಹೊರದೇಶದ ದಾರಿ ನೋಡಬೇಕಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಶುರುವಾದ ಹರಿಹರ ಪಕ್ಕದಲ್ಲೇ ಇದೆ. ಈ ಭಾಗದಲ್ಲಿ ಇಂಚಿನ ಥ್ರೆಡ್ಡು ಅಳೆದು ಕಡೆಯಬಲ್ಲ ಟರ್ನರುಗಳು ಈಗಲೂ ಸಿಗುತ್ತಾರೆ. ರಬ್ಬರ್ ಪೈಪು ಮಾತ್ರ ಹೊಸದನ್ನೇ ಹಾಕಿ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ. ಪೈಪಿನ ಗಾತ್ರ, ಹಾದುಹೋಗುವ ದಾರಿ, ಕ್ಲಿಪ್ಪಿನ ಥರ ಅಸಲಿಯಂತೇ ಇರಲಿ.

ಈಗಲೇ ಜೋಡಿಸುವ ಮನಸ್ಸಿಲ್ಲದಿದ್ದರೂ ಸಿಕ್ಕ ಸಾಮಾನನ್ನು ಜೋಪಾನ ಮಾಡಿ. ಜಾಮ್ ಆದ ಪಂಪು, ತುಕ್ಕು ಹಿಡಿದ ಡಬ್ಬಿ, ಸೀಳಿದ ಪೈಪು, ಎಲ್ಲಕ್ಕೂ ಎಣ್ಣೆ ಸವರಿ, ಚೀಟಿ ಕಟ್ಟಿ, ಎಲ್ಲಿಂದ ಯಾವಾಗ ಬಿಚ್ಚಿದ್ದು ಎಂದು ಬರೆದು ಒಂದೇ ಪೆಟ್ಟಿಗೆಯಲ್ಲಿಡಿ. ಗಾಡಿ ಮಾರಿದರೆ ಆ ಪೆಟ್ಟಿಗೆಯನ್ನೂ ನೋಟ್‌ಬುಕ್ಕನ್ನೂ ಗಾಡಿಯ ಜೊತೆಗೇ ಕೊಟ್ಟು ಕಳಿಸಿ.